ಮಂಡಿ ಸವೆತಕ್ಕೆ ಇಂಜೆಕ್ಷನ್: ಸಾಲ ತೆಗೆಯುವ ಮುನ್ನ

“ಮಂಡಿಗೆ ಇಂಜೆಕ್ಷನ್ ಹಾಕಿಸ್ಬೇಕು, ಸಂಘದಿಂದ ಸಾಲ ಕೊಡಿ” ಎಂದು ಕೇಳುವವರಿದ್ದಾರೆ. ಈ ಸ್ಟೀರಾಯ್ಡ್ ಇಂಜೆಕ್ಷನ್ ಊತ ಇಳಿಸಿ ಕೆಲವು ವಾರ ನೋವು ತಗ್ಗಿಸುತ್ತದೆ, ನಿಜ. ಆದರೆ ಮೂಳೆತುದಿಯ ಸವೆದ ಮೆದು ಪದರ ಮತ್ತೆ ಬೆಳೆಯೋದಿಲ್ಲ.

ಅಮೆರಿಕದಲ್ಲಿ ಸ್ಕ್ಯಾನಿಂಗ್‌ನಲ್ಲಿ ಮಂಡಿಯೊಳಗೆ ಊತ ಕಂಡ 140 ಜನರನ್ನು ಆರಿಸಿ, ಅರ್ಧ ಮಂದಿಗೆ 12 ವಾರಕ್ಕೊಮ್ಮೆ ಈ ಔಷಧಿ, ಉಳಿದವರಿಗೆ ಬರೀ ಉಪ್ಪುನೀರು, ಹೀಗೆ ಎರಡು ವರ್ಷ ಚುಚ್ಚಿದರು. 2017ರಲ್ಲಿ ಫಲಿತಾಂಶ ಬಂತು: ನೋವಿನಲ್ಲಿ ವ್ಯತ್ಯಾಸವಿಲ್ಲ, ಔಷಧಿ ಪಡೆದವರ ಪದರವೇ ಹೆಚ್ಚು ಸವೆದಿತ್ತು! ಹಾಗಾಗಿ ತೀರಾ ನೋವಿದ್ದಾಗ ಒಮ್ಮೆ ಸರಿ, ಪದೇ ಪದೇ ಬೇಡ.

ಸ್ಕ್ಯಾನಿಂಗ್ ನೀರು, ಊತ ತೋರಿಸುತ್ತದೆ, ಸೂಜಿಗೆ ದಾರಿ ತೋರಿಸುತ್ತದೆ. ಸವೆತ ನೋಡಲು ಸಾಮಾನ್ಯವಾಗಿ ನಿಂತು ತೆಗೆಸುವ ಎಕ್ಸ್‌ರೇ ಸಾಕು. ಸಕ್ಕರೆ ಕಾಯಿಲೆಯಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಇಂಜೆಕ್ಷನ್ ಆದ ಮೇಲೆ ಕೆಲವು ದಿನ ಶುಗರ್ ಏರಬಹುದು. ಮಂಡಿ ಕೆಂಪಾಗಿ ಜ್ವರ ಬಂದರೆ ಆವತ್ತೇ ಆಸ್ಪತ್ರೆಗೆ ಹೋಗಿ.

ಖರ್ಚಿಲ್ಲದ್ದೊಂದಿದೆ: ಕುರ್ಚಿಯಲ್ಲಿ ಕೂತು ಕಾಲು ನೇರ ಚಾಚಿ, ಐದು ಎಣಿಸಿ, ಇಳಿಸಿ. ದಿನಾ ಮಾಡಿ, ತೊಡೆ ಬಲವಾದಷ್ಟೂ ಮಂಡಿಯ ಭಾರ ಕಡಿಮೆ.