ಕತ್ತಿ ಬಿಟ್ಟರು, ಕುಂಟು ಉಳಿಯಿತು

ಪ್ರಿಯ ಯಾತ್ರಿಕರೇ, ಮೆಟ್ಟಿಲು ಹತ್ತಿ ಕಾಲು ನೋಯ್ತಾ ಇದೆಯಾ? ಸ್ವಲ್ಪ ಕೂತು ಇದನ್ನು ಓದಿ.

ಮುಂದೆ ಯೇಸುಸಭೆಯನ್ನು ಸ್ಥಾಪಿಸಿದ ಸಂತ ಇಗ್ನೇಷಿಯಸ್ ಲೊಯೋಲರು ಮೊದಲು ಯೋಧರು. 1521ರ ಮೇ ತಿಂಗಳಲ್ಲಿ ಸ್ಪೇನಿನ ಪಾಂಪ್ಲೋನ ಕೋಟೆಯ ಕಾಳಗದಲ್ಲಿ ಫಿರಂಗಿ ಗುಂಡು ಬಡಿದು ಅವರ ಬಲಗಾಲು ಮುರಿಯಿತು. ಕೂಡಿದ ಮೂಳೆ ಉಬ್ಬಿ ಕಾಲು ಅಂದಗೆಟ್ಟಿತು. ಬಿಗಿಯಾದ ಬೂಟು ಹಾಕಿ ಮೆರೆಯಬೇಕೆಂಬ ಆಸೆಯಿಂದ ಅವರು ಆ ಮೂಳೆಯನ್ನೇ ಕೊಯ್ಯಿಸಿಕೊಂಡರು. ಎಂಥಾ ನೋವು! ಆದರೂ ಆ ನೋವು ಅವರನ್ನು ಬದಲಾಯಿಸಲಿಲ್ಲ.

ಹಾಸಿಗೆಯಲ್ಲಿ ಓದಲು ವೀರರ ಕಥೆ ಕೇಳಿದರು. ಸಿಕ್ಕಿದ್ದು ಯೇಸುಸ್ವಾಮಿಯ ಹಾಗೂ ಸಂತರ ಚರಿತ್ರೆ. ಆಗ ಒಂದು ವಿಷಯ ಗಮನಿಸಿದರು. ಆಸ್ಥಾನದ ಕನಸು ಮೊದಲು ಸಿಹಿ, ಆಮೇಲೆ ಮನಸ್ಸು ಬರಡು. ಸಂತರಂತೆ ಬಾಳುವ ಯೋಚನೆಯಿಂದ ಮಾತ್ರ ನೆಮ್ಮದಿ ಉಳಿಯುತ್ತಿತ್ತು.

1522ರ ಮಾರ್ಚಿನಲ್ಲಿ ಮೊನ್ಸೆರಾಟ್ ಬೆಟ್ಟದ ಮಾತೆಯ ಸನ್ನಿಧಿಗೆ ಬಂದು ಪಾಪನಿವೇದನೆ ಮಾಡಿದರು. ಬೆಲೆಬಾಳುವ ಉಡುಪನ್ನು ಬಡವನಿಗೆ ಕೊಟ್ಟರು. ರಾತ್ರಿಯಿಡೀ ಜಾಗರಣೆ ಮಾಡಿ, ಕತ್ತಿಯನ್ನು ಅಲ್ಲೇ ಬಿಟ್ಟುಹೋದರು. ಕುಂಟು ಮಾತ್ರ ಕೊನೆಯವರೆಗೂ ಉಳಿಯಿತು.

ನೋವು ಬಂದ ಮಾತ್ರಕ್ಕೆ ನಾವು ಬೆಳೆಯೋದಿಲ್ಲ. ನೋವಿನಲ್ಲಿ ದೇವರಿಗೆ ಕಿವಿಗೊಟ್ಟು, ಬಿಡಬೇಕಾದ್ದನ್ನು ಬಿಟ್ಟಾಗ ಬೆಳೆಯುತ್ತೇವೆ. "ಅಮ್ಮಾ, ಈ ಕಷ್ಟ ತೆಗೆದುಬಿಡು" ಅಂತ ಬೇಡ್ತೀವಿ. ಬೇಡಿ, ತಪ್ಪಿಲ್ಲ. ಜೊತೆಗೆ ಇದನ್ನೂ ಕೇಳಿ: "ನಾನು ಇಲ್ಲಿ ಬಿಟ್ಟುಹೋಗಬೇಕಾದ ಕತ್ತಿ ಯಾವುದು?" ಕೋಪವೋ, ಕುಡಿತವೋ, ಅಣ್ಣತಮ್ಮಂದಿರ ಹಳೇ ಹಗೆಯೋ? ಅದನ್ನು ಮಾತೆಯ ಪಾದದಲ್ಲಿಟ್ಟು ಬೆಟ್ಟ ಇಳಿಯಿರಿ.