ನಾಯಿಯ ಖರ್ಚು, ಗೈರುಹಾಜರಿಯ ಖರ್ಚು

ವಿಪೆಟ್ ಎಂಬುದು ಇಂಗ್ಲೆಂಡಿನ ಉತ್ತರ ಭಾಗದ ಗಣಿ ಮತ್ತು ಗಿರಣಿ ಊರುಗಳಲ್ಲಿ ಹೆಸರು ಮಾಡಿದ, ಮೂಗಿಗಿಂತ ಹೆಚ್ಚಾಗಿ ಕಣ್ಣನ್ನು ನಂಬಿ ಬೇಟೆಯನ್ನು ಅಟ್ಟುವ, ನೋಟಕ್ಕೆ ಗ್ರೇಹೌಂಡ್‌ನ ಕಿರಿಯ ರೂಪದಂತಿರುವ ನಾಯಿಯ ತಳಿ. ಗಂಡು ನಾಯಿ ಭುಜದವರೆಗೆ 47ರಿಂದ 51 ಸೆಂಟಿಮೀಟರ್ ಎತ್ತರ ಬೆಳೆಯುತ್ತದೆ, ಗಂಟೆಗೆ ಸುಮಾರು 55 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು, ಆದರೆ ಓಟ ಮುಗಿದ ಮೇಲೆ ದಿನದ ಬಹುಪಾಲನ್ನು ಸೋಫಾದ ಮೇಲೆ ನಿದ್ದೆಯಲ್ಲಿಯೇ ಕಳೆಯುತ್ತದೆ. ಕೂದಲು ಗಿಡ್ಡ, ಬೊಗಳುವುದು ಕಡಿಮೆ, ಮಕ್ಕಳೊಡನೆ ಸೌಮ್ಯ. ಲೀಡ್ಸ್ ನಗರದಲ್ಲಿ ನೆಲೆಸಿರುವ ಪ್ರಸ್ತುತ ಲೇಖಕನ ಕುಟುಂಬದಲ್ಲಿ ನಾಯಿಯ ಪ್ರಸ್ತಾಪ ಬಂದಾಗ ಎಲ್ಲರ ಒಲವು ಈ ತಳಿಯ ಕಡೆಗೇ ವಾಲಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ತಳಿಯ ಗುಣಗಳನ್ನು ವರ್ಣಿಸುವ ಪುಸ್ತಕಗಳು 12ರಿಂದ 15 ವರ್ಷ ಎಂದು ಕಾಣಿಸುವ ಆಯುಸ್ಸು, ಹಣದ ದೃಷ್ಟಿಯಿಂದ ನೋಡಿದರೆ, ಅರ್ಧಕ್ಕೆ ನಿಲ್ಲಿಸಲಾಗದ ಮತ್ತು ಕೊನೆಯ ವರ್ಷಗಳಲ್ಲಿ ಕಂತು ಏರುತ್ತ ಹೋಗುವ ಒಂದು ಬಾಧ್ಯತೆಯ ಅವಧಿಯಾಗಿದೆ.

ಈ ತಳಿಯ ಆರ್ಥಿಕ ಇತಿಹಾಸ ಸ್ವಾರಸ್ಯಕರವಾದದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಕಲ್ಲಿದ್ದಲು ಗಣಿಯ ಕಾರ್ಮಿಕರು ಇದನ್ನು ಸಾಕಿದ್ದು ಕೇವಲ ಮೋಜಿಗಲ್ಲ: ಇದು ಹಿಡಿದು ತಂದ ಮೊಲ ಅಡುಗೆಮನೆ ಸೇರುತ್ತಿತ್ತು, ರಜೆಯ ದಿನಗಳಲ್ಲಿ ಇದರ ಓಟದ ಮೇಲೆ ಪಣ ಕಟ್ಟಲಾಗುತ್ತಿತ್ತು. ನೇರ ಹಾದಿಯ ಒಂದು ತುದಿಯಲ್ಲಿ ಒಬ್ಬ ನಾಯಿಯನ್ನು ಹಿಡಿದು ನಿಂತರೆ, ಇನ್ನೊಂದು ತುದಿಯಲ್ಲಿ ಅದರ ಒಡೆಯ ಬಟ್ಟೆಯ ತುಂಡೊಂದನ್ನು ಬೀಸುತ್ತಿದ್ದ. ನಾಯಿ ಆ ಬಟ್ಟೆಯನ್ನೇ ಗುರಿಯಾಗಿಟ್ಟುಕೊಂಡು ಓಡುತ್ತಿತ್ತು. ಬಡವರ ರೇಸ್ ಕುದುರೆ ಎಂಬ ಅಡ್ಡಹೆಸರು ಬಂದದ್ದು ಇದರಿಂದಲೇ. ಬ್ರಿಟನ್ನಿನ ಕೆನಲ್ ಕ್ಲಬ್, ಅಂದರೆ ತಳಿಗಳ ವಂಶಾವಳಿಯನ್ನು ದಾಖಲಿಸುವ ಸಂಸ್ಥೆ, 1891ರಲ್ಲಿ ಇದಕ್ಕೆ ಮಾನ್ಯತೆ ನೀಡಿತು, ಮತ್ತು 2018ರಲ್ಲಿಯೂ 2025ರಲ್ಲಿಯೂ ಕ್ರಫ್ಟ್ಸ್ ಶ್ವಾನಪ್ರದರ್ಶನದ ಅತ್ಯುನ್ನತ ಪ್ರಶಸ್ತಿ ವಿಪೆಟ್‌ಗಳ ಪಾಲಾಯಿತು. ಒಂದು ಕಾಲಕ್ಕೆ ಮನೆಯ ಆದಾಯದ ಕಡೆಗೆ ಬರೆಯಬಹುದಾಗಿದ್ದ ಪ್ರಾಣಿ ಹೀಗೆ ಸಂಪೂರ್ಣವಾಗಿ ವೆಚ್ಚದ ಕಡೆಗೆ ಸರಿದಿದೆ, ಮತ್ತು ಅದನ್ನು ಸಾಕಲು ಹೊರಡುವವರು ಮೊದಲು ಒಪ್ಪಿಕೊಳ್ಳಬೇಕಾದ ಸಂಗತಿಯೂ ಇದೇ.

ಕನ್ನಡಿಗರ ಮನೆಯಲ್ಲಿ ಇಂತಹ ನಾಯಿಯ ಚಿತ್ರ ಕಂಡಕೂಡಲೇ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯ ನೆನಪಾಗುವುದು ಸಹಜ, ಏಕೆಂದರೆ ಎರಡೂ ಕಣ್ಣಿನಿಂದ ಬೇಟೆಯಾಡುವ ತಳಿಗಳ ಗುಂಪಿಗೇ ಸೇರಿದವು. 2005ರಲ್ಲಿ ಭಾರತೀಯ ಅಂಚೆ ಇಲಾಖೆ ಸ್ಥಳೀಯ ತಳಿಗಳ ಕುರಿತು ಹೊರತಂದ ಅಂಚೆಚೀಟಿಗಳಲ್ಲಿ ಮುಧೋಳವೂ ಒಂದಾಗಿತ್ತು. ಊರಿನ ಹಿರಿಯರು ದೂರವಾಣಿಯಲ್ಲಿ ನಾಯಿ ಸಾಕುವ ನಮ್ಮ ಲೆಕ್ಕಾಚಾರದ ವಿಷಯ ಕೇಳಿ, ರೊಟ್ಟಿ ಹಾಲು ಹಾಕಿದರೆ ಬೆಳೆಯುವ ನಾಯಿಗೆ ಲೆಕ್ಕಪತ್ರವೇಕೆ ಎಂದು ಪ್ರಶ್ನಿಸಿದರು. ಪ್ರಶ್ನೆ ನ್ಯಾಯವಾದದ್ದೇ. ಹಳ್ಳಿಯ ಹೊಲದಂಚಿನ ಮನೆಯಲ್ಲಿ ಯಾರಾದರೊಬ್ಬರು ಸದಾ ಇರುತ್ತಾರೆ. ಯಾರೂ ಇಲ್ಲದಿದ್ದರೂ ಪಕ್ಕದ ಮನೆಯವರು ಇರುತ್ತಾರೆ. ಲೀಡ್ಸ್‌ನ ಮನೆಯಲ್ಲಿ ಆ ಸೌಕರ್ಯವನ್ನು ಹಣ ಕೊಟ್ಟೇ ಪಡೆಯಬೇಕು. ಇಡೀ ಲೆಕ್ಕಾಚಾರದ ತಿರುಳು ಈ ಒಂದು ವ್ಯತ್ಯಾಸದಲ್ಲಿದೆ.

ಮರಿಯ ಬೆಲೆಯಿಂದ ಆರಂಭಿಸುವುದಾದರೆ, ಕೆನಲ್ ಕ್ಲಬ್‌ನಲ್ಲಿ ನೋಂದಾಯಿತವಾದ ಮರಿಗೆ ಲೇಖಕನ ಕುಟುಂಬ ವಿಚಾರಿಸಿದ ತಳಿಪಾಲಕರು ಕೇಳಿದ್ದು 1,200 ಪೌಂಡ್. ಇದಕ್ಕಿಂತ ತೀರ ಕಡಿಮೆ ಬೆಲೆಯ ಜಾಹೀರಾತುಗಳೂ ಕಣ್ಣಿಗೆ ಬಿದ್ದವು, ಆದರೆ ಅವುಗಳ ಬಗ್ಗೆ ಎಚ್ಚರ ಅಗತ್ಯ. ಲೂಸಿ ಕಾನೂನು ಎಂದು ಕರೆಯಲಾಗುವ, ಇಂಗ್ಲೆಂಡಿನಲ್ಲಿ ಏಪ್ರಿಲ್ 2020ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಆರು ತಿಂಗಳೊಳಗಿನ ಮರಿಯನ್ನು ವ್ಯಾಪಾರಕ್ಕಾಗಿ ಮಾರುವ ಹಕ್ಕು ಅದನ್ನು ಹುಟ್ಟಿಸಿ ಬೆಳೆಸಿದ ತಳಿಪಾಲಕರಿಗಷ್ಟೇ ಇದೆ, ಮಧ್ಯವರ್ತಿಗಳಿಗಿಲ್ಲ. ಕೊಳ್ಳುವವರು ಮರಿಯನ್ನು ಅದು ಹುಟ್ಟಿದ ಜಾಗದಲ್ಲಿ ತಾಯಿಯೊಡನೆ ನೋಡಬೇಕು. ತಾಯಿಯನ್ನು ತೋರಿಸದೆ ಮುಂಗಡ ಕೇಳುವವರಿಗೆ ಹಣ ಕಳುಹಿಸುವುದು ಮರಿಯನ್ನೂ ಹಣವನ್ನೂ ಕಳೆದುಕೊಳ್ಳುವ ಹಾದಿ. ಬೆಲೆಯ ಜೊತೆಗೆ, ವಿಪೆಟ್ ಸಲೀಸಾಗಿ ಜಿಗಿಯಬಲ್ಲದಾದ್ದರಿಂದ ಹಿತ್ತಲ ಬೇಲಿಯನ್ನು ಎತ್ತರಿಸಲು 600 ಪೌಂಡ್, ಹಾಸಿಗೆ, ಪಂಜರ, ತೆಳುವಾದ ಚರ್ಮಕ್ಕೆ ಚಳಿಗಾಲದ ಕೋಟು, ತಲೆಗಿಂತ ಕತ್ತು ದಪ್ಪವಾಗಿರುವ ಈ ತಳಿಗೆ ಬೇಕಾದ ಅಗಲದ ಕೊರಳಪಟ್ಟಿ, ಮೊದಲ ಲಸಿಕೆಗಳು ಎಲ್ಲ ಸೇರಿ ಇನ್ನೊಂದು 500 ಪೌಂಡ್ ಎಂದು ಅಂದಾಜಾಯಿತು.

ತಿಂಗಳ ಖರ್ಚಿನ ಪಟ್ಟಿ ಸಿದ್ಧವಾದಾಗ ಮಾತ್ರ ನಿಜವಾದ ಚಿತ್ರ ಹೊರಬಿತ್ತು. ಆಹಾರಕ್ಕೆ 45 ಪೌಂಡ್, ವಿಮೆಗೆ 32 ಪೌಂಡ್, ವಾರ್ಷಿಕ ಲಸಿಕೆ ಹಾಗೂ ಉಣ್ಣೆ, ಹುಳು, ಚಿಗಟಗಳ ಔಷಧಿಗೆ 17 ಪೌಂಡ್. ಇವಿಷ್ಟೂ ಸೇರಿ 94 ಪೌಂಡ್. ಇದು ನಾಯಿಯ ಹೊಟ್ಟೆ ಮತ್ತು ಆರೋಗ್ಯದ ಖರ್ಚು. ವಯಸ್ಕ ನಾಯಿಯನ್ನು ಒಂದೇ ಬಾರಿಗೆ ನಾಲ್ಕು ಗಂಟೆಗಿಂತ ಹೆಚ್ಚು ಒಂಟಿಯಾಗಿ ಬಿಡಬಾರದೆಂಬುದು ಇಲ್ಲಿನ ಶ್ವಾನಕಲ್ಯಾಣ ಸಂಸ್ಥೆಗಳ ಸಾಮಾನ್ಯ ಸಲಹೆ. ಪತಿ ಪತ್ನಿ ಇಬ್ಬರೂ ಕಚೇರಿಗೆ ಹೋಗಲೇಬೇಕಾದ ದಿನಗಳು ವಾರಕ್ಕೆ ಎರಡು. ಅಂತಹ ದಿನ ಮಧ್ಯಾಹ್ನ ಬಂದು ನಾಯಿಯನ್ನು ತಿರುಗಾಡಿಸುವವರಿಗೆ ಒಂದು ಸಲಕ್ಕೆ 15 ಪೌಂಡ್‌ನಂತೆ ತಿಂಗಳಿಗೆ ಸರಾಸರಿ 130 ಪೌಂಡ್ ಕೊಡಬೇಕಾಗುತ್ತದೆ. ಇದರ ಮೇಲೆ ಕುಟುಂಬ ವರ್ಷಕ್ಕೆ ನಾಲ್ಕು ವಾರ ಬೆಂಗಳೂರಿಗೆ ಹೋಗುವುದು ವಾಡಿಕೆ. ಆ 28 ದಿನಗಳ ಮಟ್ಟಿಗೆ ನಾಯಿಯನ್ನು ಬೋರ್ಡಿಂಗ್‌ನಲ್ಲಿ, ಅಂದರೆ ದಿನದ ಬಾಡಿಗೆಗೆ ಪ್ರಾಣಿಗಳನ್ನು ನೋಡಿಕೊಳ್ಳುವ ಪರವಾನಗಿ ಪಡೆದ ಮನೆಯಲ್ಲಿ, ಬಿಟ್ಟರೆ ದಿನಕ್ಕೆ 30 ಪೌಂಡ್‌ನಂತೆ 840 ಪೌಂಡ್, ತಿಂಗಳಿಗೆ ಹಂಚಿದರೆ 70 ಪೌಂಡ್. ಒಟ್ಟು ಮೊತ್ತ 294 ಪೌಂಡ್, ಅದರಲ್ಲಿ 200 ಪೌಂಡ್ ಮನೆಯವರು ಮನೆಯಲ್ಲಿ ಇಲ್ಲದಿರುವುದಕ್ಕೆ ತೆರುವ ಬೆಲೆ. ವರ್ಷಕ್ಕೆ 3,528 ಪೌಂಡ್‌ನಂತೆ, ಬೆಲೆಯೇರಿಕೆಯನ್ನು ಪಕ್ಕಕ್ಕಿಟ್ಟು ಹದಿಮೂರು ವರ್ಷಕ್ಕೆ ಲೆಕ್ಕ ಹಾಕಿದರೆ ಸುಮಾರು 45,900 ಪೌಂಡ್ ಆಗುತ್ತದೆ. ಅದರ ಮುಂದೆ ಮರಿಯ 1,200 ಪೌಂಡ್ ಶೇಕಡಾ ಮೂರನ್ನೂ ಮುಟ್ಟುವುದಿಲ್ಲ. ಓಟದಿಂದ ನಿವೃತ್ತವಾದ ಗ್ರೇಹೌಂಡನ್ನು ದತ್ತು ಪಡೆದರೆ ಅಗ್ಗ ಎಂಬ ವಾದಕ್ಕೆ ಪ್ರಾಣಿದಯೆಯ ತೂಕ ಖಂಡಿತ ಇದೆ, ಆದರೆ ಹಣದ ತೂಕ ಅಷ್ಟಾಗಿ ಇಲ್ಲವೆಂಬುದು ಈ ಅಂಕಿಗಳಿಂದಲೇ ತಿಳಿಯುತ್ತದೆ, ಏಕೆಂದರೆ ಉಳಿತಾಯವಾಗುವುದು ಖರ್ಚಿನ ಅತಿ ಸಣ್ಣ ಭಾಗದಲ್ಲಿ.

ನಾಯಿಯನ್ನೂ ಊರಿಗೆ ಕರೆದೊಯ್ಯಬಾರದೇಕೆ ಎಂದು ಮಗಳು ಕೇಳಿದ್ದಳು. ಬ್ರಿಟನ್ನಿನ ನಿಯಮಗಳಲ್ಲಿ ಭಾರತ ರೇಬೀಸ್ ದೃಷ್ಟಿಯಿಂದ ಪಟ್ಟಿಯಲ್ಲಿಲ್ಲದ ದೇಶವಾದ್ದರಿಂದ, ಹಿಂದಿರುಗುವ ನಾಯಿಗೆ ಲಸಿಕೆಯ ಪರಿಣಾಮವನ್ನು ದೃಢಪಡಿಸುವ ರಕ್ತಪರೀಕ್ಷೆ ಕಡ್ಡಾಯ, ಮತ್ತು ವಿಮಾನದಲ್ಲಿ ಬರುವ ಸಾಕುನಾಯಿ ಸರಕಿನ ವಿಭಾಗದಲ್ಲಿಯೇ ಬರಬೇಕು. ವಾರ್ಷಿಕ ರಜೆಗೆ ಇದು ಹೊಂದುವ ಮಾತಲ್ಲ. ಪರಿಚಿತ ಕನ್ನಡ ಕುಟುಂಬಗಳು ಸರದಿಯ ಮೇಲೆ ಪರಸ್ಪರರ ನಾಯಿಗಳನ್ನು ನೋಡಿಕೊಳ್ಳಬಹುದೆಂಬ ಯೋಜನೆಯೂ ಕಾಗದದ ಮೇಲೆ ಚೆನ್ನಾಗಿಯೇ ಕಂಡಿತು, ಆದರೆ ಶಾಲೆಯ ರಜೆ ಎಲ್ಲರಿಗೂ ಒಂದೇ ಆದ್ದರಿಂದ ಎಲ್ಲರೂ ಒಂದೇ ವಿಮಾನದಲ್ಲಿ ಹೊರಡುತ್ತಾರೆ; ಹೊರಡದೆ ಉಳಿಯುವ ಒಂದೆರಡು ಮನೆಗಳಲ್ಲಿ ದೇವರ ಕೋಣೆಯ ಹತ್ತಿರ ನಾಯಿ ಸುಳಿಯುವುದಕ್ಕೆ ಒಪ್ಪಿಗೆಯಿಲ್ಲ.

ವಿಮೆಯ ವಿಷಯಕ್ಕೆ ಇನ್ನಷ್ಟು ವಿವರಣೆ ಬೇಕು. ಸಾಕುಪ್ರಾಣಿಗಳ ವಿಮೆಯಲ್ಲಿ ಅಪಘಾತಕ್ಕೆ ಮಾತ್ರ ರಕ್ಷಣೆ ನೀಡುವ ಬಗೆ, ಒಂದು ಕಾಯಿಲೆಗೆ ಹನ್ನೆರಡು ತಿಂಗಳ ಮಟ್ಟಿಗೆ ಹಣ ಕೊಟ್ಟು ಕೈಬಿಡುವ ಬಗೆ, ಮತ್ತು ಪಾಲಿಸಿಯನ್ನು ತಪ್ಪದೆ ನವೀಕರಿಸುತ್ತ ಹೋದರೆ ಪ್ರತಿ ವರ್ಷ ಹೊಸದಾಗಿ ಮಿತಿ ತೆರೆದುಕೊಳ್ಳುವ ಜೀವಾವಧಿ ಬಗೆ ಎಂಬ ಮುಖ್ಯ ಭೇದಗಳಿವೆ. ಪ್ರತಿ ಕ್ಲೇಮ್‌ನಲ್ಲಿ ಮಾಲೀಕನೇ ಭರಿಸಬೇಕಾದ ಮೊದಲ ಮೊತ್ತಕ್ಕೆ ಎಕ್ಸೆಸ್ ಎನ್ನುತ್ತಾರೆ. ನಾಯಿಗೆ ವಯಸ್ಸಾದ ಮೇಲೆ ಅನೇಕ ಪಾಲಿಸಿಗಳು ಇದರೊಂದಿಗೆ ಸಹಪಾವತಿಯನ್ನು, ಅಂದರೆ ಉಳಿದ ಬಿಲ್ಲಿನ ಇಂತಿಷ್ಟು ಪಾಲನ್ನು ಮಾಲೀಕನೇ ಕೊಡಬೇಕೆಂಬ ಷರತ್ತನ್ನು, ಸೇರಿಸುತ್ತವೆ. ಕಂತೂ ವರ್ಷದಿಂದ ವರ್ಷಕ್ಕೆ ಏರುತ್ತದೆ, ಮತ್ತು ಆ ಕಂತಿನೊಳಗೆ ಶೇಕಡಾ 12ರ ವಿಮಾ ತೆರಿಗೆಯೂ ಅಡಗಿರುತ್ತದೆ. ವಿಪೆಟ್ ಒಟ್ಟಾರೆ ಗಟ್ಟಿ ಆರೋಗ್ಯದ ತಳಿಯಾದರೂ, ವೇಗವಾಗಿ ಓಡುವಾಗ ಮುಳ್ಳುತಂತಿಗೆ ಸಿಕ್ಕಿ ಚರ್ಮ ಹರಿದುಕೊಳ್ಳುವುದು, ಕಾಲಿನ ಬೆರಳು ಮುರಿದುಕೊಳ್ಳುವುದು ಇದಕ್ಕೆ ಹೊಸದಲ್ಲ, ವಯಸ್ಸಾದಾಗ ಹೃದಯದ ಕವಾಟದ ತೊಂದರೆಯೂ ಕಾಣಿಸಿಕೊಳ್ಳಬಹುದು. ಮೈಯಲ್ಲಿ ಕೊಬ್ಬು ತೀರ ಕಡಿಮೆಯಿರುವುದರಿಂದ ಅರಿವಳಿಕೆ ಕೊಡುವಾಗಲೂ ವೈದ್ಯರು ವಿಶೇಷ ಎಚ್ಚರ ವಹಿಸುತ್ತಾರೆ.

ಕಂತಿನ ಹಣವನ್ನು ಕಂಪನಿಗೆ ಕೊಡುವ ಬದಲು ಸ್ವಂತ ಖಾತೆಯಲ್ಲಿಯೇ ಕೂಡಿಡಬಹುದೆಂಬ ಸಲಹೆ ಮೇಲ್ನೋಟಕ್ಕೆ ಸಮಂಜಸವೆನಿಸುತ್ತದೆ, ಏಕೆಂದರೆ ತಿಂಗಳಿಗೆ 32 ಪೌಂಡ್ ಹದಿಮೂರು ವರ್ಷಗಳಲ್ಲಿ ಬಡ್ಡಿಯಿಲ್ಲದೆಯೇ 4,992 ಪೌಂಡ್ ಆಗುತ್ತದೆ. ಆದರೆ ನಾಯಿ ಕಾಲು ಮುರಿದುಕೊಳ್ಳುವುದಕ್ಕೆ ಹದಿಮೂರು ವರ್ಷ ಕಾಯುವುದಿಲ್ಲ, ಮತ್ತು ಎರಡನೆಯ ವರ್ಷದ ಕೊನೆಗೆ ಆ ಖಾತೆಯಲ್ಲಿರುವುದು 768 ಪೌಂಡ್ ಮಾತ್ರ. ಹೀಗೆ ಸ್ವಂತ ಉಳಿತಾಯ ಆರಂಭದ ವರ್ಷಗಳಲ್ಲಿ ಸೋಲುತ್ತದೆ, ವಿಮೆ ಕೊನೆಯ ವರ್ಷಗಳಲ್ಲಿ ದುಬಾರಿಯಾಗುತ್ತದೆ. ಮೊದಲಿನಿಂದಲೂ ಜೀವಾವಧಿ ಪಾಲಿಸಿಯನ್ನು ಹಿಡಿದು, ಎಕ್ಸೆಸ್ ಹೆಚ್ಚಿರುವುದನ್ನೇ ಆರಿಸಿ, ಕಂತಿನಲ್ಲಿ ಉಳಿದ ಹಣವನ್ನು ಮುಂದಿನ ಸಹಪಾವತಿಗಾಗಿ ಬೇರೆಯಾಗಿ ಬೆಳೆಸುವುದು ಮೇಲೆನಿಸುತ್ತದೆ. ಮಧ್ಯದಲ್ಲಿ ಕಂಪನಿ ಬದಲಿಸಿದರೆ ಅದುವರೆಗಿನ ಕಾಯಿಲೆಗಳೆಲ್ಲ ಪೂರ್ವಾಸ್ತಿತ್ವದ ಕಾಯಿಲೆಗಳೆಂದು ಹೊರಗುಳಿಯುವುದರಿಂದ, ಮೊದಲ ಆಯ್ಕೆಯನ್ನೇ ಬಿಗಿಯಾಗಿ ಪರಿಶೀಲಿಸುವುದು ಒಳಿತು.

ಚಿಕಿತ್ಸೆಯ ದರಗಳೂ ಸುಮ್ಮನೆ ಏರಿಲ್ಲ. ಬ್ರಿಟನ್ನಿನ ಸ್ಪರ್ಧಾ ಮತ್ತು ಮಾರುಕಟ್ಟೆ ಪ್ರಾಧಿಕಾರ 2024ರಲ್ಲಿ ಪಶುವೈದ್ಯ ಸೇವೆಗಳ ಬಗ್ಗೆ ವಿಧ್ಯುಕ್ತ ತನಿಖೆ ಆರಂಭಿಸಿದಾಗ, 2013ರಲ್ಲಿ ಸುಮಾರು ಶೇಕಡಾ 10ರಷ್ಟಿದ್ದ ದೊಡ್ಡ ಸಮೂಹಗಳ ಒಡೆತನದ ಚಿಕಿತ್ಸಾಲಯಗಳ ಪ್ರಮಾಣ ಸುಮಾರು ಶೇಕಡಾ 60ಕ್ಕೆ ಏರಿರುವುದು ಮುನ್ನೆಲೆಗೆ ಬಂತು. ಬಿಲ್ಲಿನ ಮೇಲೆ ಶೇಕಡಾ 20ರ ಮೌಲ್ಯವರ್ಧಿತ ತೆರಿಗೆಯೂ ಬೀಳುತ್ತದೆ. ವೈದ್ಯರಿಂದ ಔಷಧಚೀಟಿಯನ್ನು ಬರೆಸಿಕೊಂಡು ಬೇರೆ ಅಂಗಡಿಯಲ್ಲಿ ಔಷಧಿ ಕೊಳ್ಳುವ ಹಕ್ಕು ಮಾಲೀಕರಿಗಿದೆ. ದೀರ್ಘಕಾಲದ ಔಷಧಿಗಳ ವಿಷಯದಲ್ಲಿ ಇದನ್ನು ಸಂಕೋಚವಿಲ್ಲದೆ ಕೇಳಬೇಕು.

ಅಂತಿಮ ನಿರ್ಧಾರಕ್ಕೆ ಮೊದಲು ಕುಟುಂಬ ಕೈಗೊಂಡ ಕ್ರಮವೆಂದರೆ, ನಾಯಿ ಮನೆಯಲ್ಲಿ ಇದೆ ಎಂದೇ ಭಾವಿಸಿ ಪ್ರತಿ ತಿಂಗಳು 294 ಪೌಂಡನ್ನು ಪ್ರತ್ಯೇಕ ಉಳಿತಾಯ ಖಾತೆಗೆ ಬ್ಯಾಂಕೇ ತಾನಾಗಿ ವರ್ಗಾಯಿಸುವಂತೆ ಸ್ಟ್ಯಾಂಡಿಂಗ್ ಆರ್ಡರ್ ಕೊಟ್ಟದ್ದು. ನಾಟಕದ ತಾಲೀಮಿನಂತಹ ಈ ಪ್ರಯೋಗ ಒಂದು ವರ್ಷ ನಡೆಯಿತು. ತಿಂಗಳ ವರ್ಗಾವಣೆಯಿಂದ ಮನೆಯ ಖರ್ಚಿಗೆ ತೊಡಕಾಗಲಿಲ್ಲ, ಆದರೆ ಲೇಖಕನ ತಂದೆ ಆಸ್ಪತ್ರೆ ಸೇರಿದಾಗ ತುರ್ತಾಗಿ ಕೊಂಡ ವಿಮಾನದ ಟಿಕೆಟ್‌ಗಳು ಆ ಖಾತೆಯ ಬಹುಭಾಗವನ್ನು ನುಂಗಿದವು. ನಿಜವಾಗಿ ನಾಯಿ ಇದ್ದಿದ್ದರೆ ಅದೇ ವಾರ ಬೋರ್ಡಿಂಗ್‌ನ ಹೆಚ್ಚುವರಿ ಖರ್ಚೂ ಬೀಳುತ್ತಿತ್ತು. ಎರಡೂ ಕಡೆ ಹಿರಿಯರಿಗೆ ವಯಸ್ಸಾಗುತ್ತಿರುವಾಗ ಮುಂದಿನ ಹದಿಮೂರು ವರ್ಷಗಳಲ್ಲಿ ಇಂತಹ ಪ್ರಯಾಣ ಮತ್ತೆ ಬರುವುದಿಲ್ಲವೆಂದು ಯಾವ ಲೆಕ್ಕವೂ ಹೇಳಲಾರದು.

ಆದ್ದರಿಂದ ಮರಿಯ ಆಲೋಚನೆಯನ್ನು ಕೈಬಿಟ್ಟು, ಪ್ರದರ್ಶನದಿಂದ ಅಥವಾ ಸಂತಾನದಿಂದ ನಿವೃತ್ತಗೊಳಿಸಿ ತಳಿಪಾಲಕರು ಹೊಸ ಮನೆ ಹುಡುಕುವ, ಆರೇಳು ವರ್ಷದ ವಿಪೆಟ್ ಒಂದಕ್ಕೆ ಹೆಸರು ಬರೆಸಲಾಗಿದೆ. ಅದರ ವಿಮೆಯ ಕಂತು ಮರಿಯದ್ದಕ್ಕಿಂತ ಹೆಚ್ಚು, ಹಳೆಯ ಕಾಯಿಲೆಗಳಿದ್ದರೆ ರಕ್ಷಣೆಯೂ ಸಿಗದು, ಆದರೆ ಬಾಧ್ಯತೆಯ ಅವಧಿ ಅರ್ಧಕ್ಕೆ ಇಳಿಯುತ್ತದೆ ಮತ್ತು ಮಗಳು ವಿಶ್ವವಿದ್ಯಾಲಯಕ್ಕೆ ಹೊರಡುವ ಕಾಲಕ್ಕೆ ಹೆಚ್ಚುಕಡಿಮೆ ಸರಿಹೊಂದುತ್ತದೆ. ಮುಖ್ಯವಾಗಿ, ಒಂದು ಕಾಲಕ್ಕೆ ಸ್ವತಃ ವಿಪೆಟ್ ಸಾಕಿದ್ದ, ಈಗ ವಯಸ್ಸಿನ ಕಾರಣ ಪೂರ್ಣಾವಧಿಗೆ ಸಾಕಲು ಹಿಂಜರಿಯುವ ಪಕ್ಕದ ಮನೆಯ ನಿವೃತ್ತ ದಂಪತಿ ಕಚೇರಿಯ ದಿನಗಳಲ್ಲಿಯೂ ಬೆಂಗಳೂರಿನ ಪ್ರಯಾಣದ ವೇಳೆಯೂ ನಾಯಿಯನ್ನು ನೋಡಿಕೊಳ್ಳಲು ಸಂತೋಷದಿಂದ ಒಪ್ಪಿದ್ದಾರೆ, ಹಣವನ್ನು ಮಾತ್ರ ಒಲ್ಲೆವೆಂದಿದ್ದಾರೆ. ಅವರ ಕೈಲಾಗದ ದಿನಗಳಿಗಾಗಿ ಬೋರ್ಡಿಂಗ್‌ನ 70 ಪೌಂಡ್ ಪಟ್ಟಿಯಲ್ಲಿ ಹಾಗೆಯೇ ಉಳಿದಿದೆ, ತಿರುಗಾಡಿಸುವವರ 130 ಪೌಂಡ್ ಇನ್ನು ಮುಂದೆ ತುರ್ತು ಟಿಕೆಟ್‌ಗಳ ಖಾತೆಗೆ ಹೋಗಲಿದೆ.