ಸ್ಥಲವೆಂದರೇನೆಂದು ಕೇಳಿದವರು

ವಚನಾಭ್ಯಾಸವು ಮಠದ ಮುಖಮಂಟಪವನ್ನು ದಾಟಿ ಗೃಹಸ್ಥರ ಪಡಸಾಲೆಗಳಿಗೂ ಬಂದಿರುವುದು ಸದ್ಭಕ್ತರೆಲ್ಲರಿಗೂ ಸಂತೋಷವನ್ನುಂಟುಮಾಡುವ ಸಂಗತಿಯೇ ಸರಿ. ಅಭ್ಯಾಸವೆಂದ ಮೇಲೆ ಹೇಳುವವರೂ ಇರುವರು, ಕೇಳುವವರೂ ಇರುವರು. ಗುರುವಿನ ಲಕ್ಷಣವೇನು, ಶಿಷ್ಯನ ಲಕ್ಷಣವೇನು ಎಂಬುದನ್ನು ಕುರಿತು ನಮ್ಮ ಶಾಸ್ತ್ರಗಳಲ್ಲಿ ವಿಸ್ತಾರವಾಗಿ ಹೇಳಲಾಗಿದೆ. ಆದರೆ ಕೇಳುವವನೊಬ್ಬನು ಸಂಕೋಚದಿಂದ ಎದ್ದುನಿಂತು ಒಂದು ಸಣ್ಣ ಮಾತನ್ನು ಕೇಳಿದಾಗ ಹೇಳುವವನ ಮುಖ ಹೇಗಿರಬೇಕೆಂಬುದನ್ನು ನಾವು ಅಷ್ಟಾಗಿ ಯೋಚಿಸುವುದಿಲ್ಲ. ನಾನಂತೂ ಯೋಚಿಸಿರಲಿಲ್ಲ. ಈ ಲೇಖನಕ್ಕೆ ಕಾರಣವಾದುದು ನನ್ನದೇ ಒಂದು ತಪ್ಪಾದುದರಿಂದ ಅದನ್ನೇ ಮೊದಲು ನಿವೇದಿಸುವುದು ನ್ಯಾಯ.

ಕೆಲವು ವರ್ಷಗಳ ಹಿಂದೆ, ಶ್ರಾವಣಮಾಸದ ಒಂದು ಸೋಮವಾರ ಸಂಜೆ, ಹಳ್ಳಿಯೊಂದರ ಶಿವಾನುಭವ ಗೋಷ್ಠಿಯಲ್ಲಿ ಷಟ್‌ಸ್ಥಲವನ್ನು ಕುರಿತು ಮಾತನಾಡುವ ಹೊಣೆ ನನ್ನ ಪಾಲಿಗೆ ಬಂದಿತ್ತು. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರನ್ನೂ ವಿವರಿಸಿ, ಒಂದೊಂದರಲ್ಲಿಯೂ ಆರಾರು ಅಡಗಿ 36 ಆಗುವ ಬಗೆಯನ್ನು ತಿಳಿಸಿ, 101 ಸ್ಥಲಗಳ ಕಡೆಗೆ ಹೊರಳುವಷ್ಟರಲ್ಲಿ, ಕಂಬಕ್ಕೆ ಒರಗಿ ಕುಳಿತಿದ್ದ ವೃದ್ಧ ರೈತರೊಬ್ಬರು ಕೈಮುಗಿದು ಎದ್ದರು. “ಅಪ್ಪಾರ, ಆಗಿಂದ ಸ್ಥಲ ಸ್ಥಲ ಅಂತೀರಿ. ಸ್ಥಲ ಅಂದ್ರ ಜಾಗಾ ಹೌದಲ್ರೀ? ಆ ಜಾಗಾ ಎಲ್ಲಿ ಐತ್ರೀ?” ಎಂದು ಕೇಳಿದರು.

ಸಭೆ ನಕ್ಕಿತು. ಸಭೆ ನಕ್ಕದ್ದು ದೊಡ್ಡದಲ್ಲ, ನಾನೂ ನಕ್ಕೆ. “ಅದು ಪಹಣಿ ಪತ್ರದಲ್ಲಿ ಸಿಗುವ ಜಾಗವಲ್ಲ, ಯಜಮಾನರೇ” ಎಂದೆ. ಮತ್ತೊಮ್ಮೆ ನಗೆಯೆದ್ದಿತು. ಅವರೂ ನಕ್ಕು, ಹೆಗಲ ಮೇಲಿನ ಶಲ್ಯವನ್ನು ಸರಿಪಡಿಸಿಕೊಂಡು ಕುಳಿತರು. ನಾನು 101ಕ್ಕೆ ಹೊರಟುಹೋದೆ. ಮುಂದಿನ ಸೋಮವಾರ ಅವರು ಬಾಗಿಲ ಬಳಿ ಕುಳಿತಿದ್ದರು. ಅದರ ಮುಂದಿನ ಸೋಮವಾರ ಹೊರಗಿನ ಕಟ್ಟೆಯ ಮೇಲಿದ್ದರು. ಕಡೆಯ ಸೋಮವಾರ ಕಾಣಲಿಲ್ಲ. ಅವರನ್ನು ಹೊರಗೆ ಹೋಗೆಂದು ಯಾರೂ ಹೇಳಿರಲಿಲ್ಲ.

ಆ ವರ್ಷದ ಚಳಿಗಾಲದಲ್ಲಿ ಬೇರೊಂದು ಕಾರಣಕ್ಕಾಗಿ ಮಗ್ಗೆಯ ಮಾಯಿದೇವರ ಅನುಭವಸೂತ್ರವನ್ನು ತೆರೆಯಬೇಕಾಯಿತು. ಪ್ರೌಢದೇವರಾಯನ ಕಾಲದ, ಎಂದರೆ 15ನೆಯ ಶತಮಾನದ, ಈ ಮಹನೀಯರು ಸಂಸ್ಕೃತದಲ್ಲಿ ರಚಿಸಿದ ಆ ಗ್ರಂಥದಲ್ಲಿ ಸ್ಥಲ ಎಂಬ ಪದದ ನಿರ್ವಚನವಿದೆ. ಚರಾಚರವಾದ ಈ ಜಗತ್ತು ಯಾವುದರಲ್ಲಿ ನಿಂತಿರುವುದೋ, ಯಾವುದರಲ್ಲಿ ಲಯವಾಗುವುದೋ ಆ ಪರವಸ್ತುವೇ ಸ್ಥಲ. ಪದದ ಮೊದಲಕ್ಷರವು ಸ್ಥಾನವನ್ನೂ ಎರಡನೆಯದು ಲಯವನ್ನೂ ಸೂಚಿಸುವುದು. ಆ ಒಂದೇ ಸ್ಥಲವು ತನ್ನ ಶಕ್ತಿಯ ಚಲನೆಯಿಂದ ಲಿಂಗವೆಂದೂ ಅಂಗವೆಂದೂ ಎರಡಾಗಿ, ಪೂಜೆಗೊಳ್ಳುವುದೂ ತಾನೇ, ಪೂಜಿಸುವುದೂ ತಾನೇ ಆಗುವುದು. ಆರು, 36, 101 ಎಂಬ ಎಣಿಕೆಗಳೆಲ್ಲವೂ ಅದರ ಮುಂದಿನ ಮಾತು.

ಪುಸ್ತಕವನ್ನು ಮಡಿಚಿಟ್ಟೆ. ಆ ವೃದ್ಧರು ಕೇಳಿದ್ದು ಇದನ್ನೇ ಅಲ್ಲವೆ? ಸ್ಥಲವೆಂದರೆ ಜಾಗವೆಂಬ ಅವರ ಊಹೆಯು ಸರಿಯಾಗಿಯೇ ಇತ್ತು. ಅದು ಎಲ್ಲಿದೆಯೆಂಬ ಪ್ರಶ್ನೆಯಾದರೋ ಶಾಸ್ತ್ರದ ಹೊಸ್ತಿಲೇ ಆಗಿತ್ತು. ನಾನು ಹೊಸ್ತಿಲನ್ನು ತುಳಿಯದೆ ಕಿಟಕಿಯಿಂದ ಒಳನುಗ್ಗಿದವನಂತೆ ಸಂಖ್ಯೆಗಳನ್ನು ಎಣಿಸುತ್ತಿದ್ದೆ. ಆ ಸಂಜೆ ಸ್ಥಲವೆಂಬ ಮಾತನ್ನು ನೂರಾರು ಸಲ ಉಚ್ಚರಿಸಿದ ನಾನು ಒಮ್ಮೆಯಾದರೂ ಅದರ ಅರ್ಥವೇನೆಂದು ನಿಂತು ಕೇಳಿರಲಿಲ್ಲ. ನಕ್ಕವನಿಗೆ ಉತ್ತರ ಗೊತ್ತಿರಲಿಲ್ಲವೆಂಬುದು ಸಭೆಗೆ ತಿಳಿಯದೆ ಹೋದದ್ದು ನನ್ನ ಪುಣ್ಯವೆನ್ನಲೋ ಪಾಪವೆನ್ನಲೋ!

ಬಹುಪಾಲು ಸರಳ ಪ್ರಶ್ನೆಗಳ ಸ್ಥಿತಿ ಹೀಗೆಯೇ ಇರುವುದು. ಅಂಗ, ಲಿಂಗ, ಪ್ರಸಾದ, ಜಂಗಮ, ಕಾಯಕ, ಬಯಲು ಎಂಬ ಮಾತುಗಳು ನಮಗೆ ಬಾಯಿಪಾಠವಾಗಿ ಸವೆದುಹೋಗಿವೆ. ಹೊಸದಾಗಿ ಬಂದವನಿಗೆ ಅವು ಇನ್ನೂ ಸವೆದಿಲ್ಲ. ನಮ್ಮ ಮನೆಯ ಮಗುವೊಂದು, “ದೇವರು ಎಲ್ಲ ಕಡೆಗೂ ಇರುವನೆಂದ ಮೇಲೆ ಕೊರಳಲ್ಲಿ ಲಿಂಗವನ್ನೇಕೆ ಕಟ್ಟಿಕೊಳ್ಳಬೇಕು?” ಎಂದು ಕೇಳುತ್ತದೆ. ಹಾಗೆಲ್ಲ ಕೇಳಬಾರದೆಂದು ಹಿರಿಯರು ಗದರಿಸುತ್ತಾರೆ. ಆದರೆ ಇದು ಕಲ್ಯಾಣದ ಶರಣರ ಮುಂದೆಯೇ ಬಂದ ಪ್ರಶ್ನೆ. ಸೊನ್ನಲಿಗೆಯ ಸಿದ್ಧರಾಮಯ್ಯನವರು ಕೆರೆಯನ್ನು ಕಟ್ಟಿಸಿದ ಮಹಾಯೋಗಿಗಳು. ಕಲ್ಯಾಣಕ್ಕೆ ಬಂದಾಗ ಅವರ ಅಂಗದ ಮೇಲೆ ಇಷ್ಟಲಿಂಗವಿರಲಿಲ್ಲ. ಅಂತರಂಗದಲ್ಲಿ ನೆಲೆಗೊಂಡವನಿಗೆ ಬಹಿರಂಗದ ಕುರುಹು ಏಕೆಂಬುದೇ ಅಲ್ಲಿಯ ವಿಚಾರ. ಗೂಳೂರು ಸಿದ್ಧವೀರಣ್ಣೊಡೆಯರ ಶೂನ್ಯಸಂಪಾದನೆಯಲ್ಲಿ ಇದಕ್ಕಾಗಿ ಒಂದು ಅಧ್ಯಾಯವೇ ಮೀಸಲಾಗಿದೆ. ಅಲ್ಲಿ ಯಾರೂ ನಗುವುದಿಲ್ಲ. ಕೇಳಬಾರದೆಂದು ಯಾರೂ ಹೇಳುವುದಿಲ್ಲ. ಚರ್ಚೆಯು ಮುಗಿದ ಬಳಿಕ ಕಿರಿಯ ವಯಸ್ಸಿನ ಚನ್ನಬಸವಣ್ಣನವರೇ ಸಿದ್ಧರಾಮಯ್ಯನವರಿಗೆ ದೀಕ್ಷೆಯನ್ನು ಕರುಣಿಸುವರು. ಮಹಾಯೋಗಿಗೆ ಸಲ್ಲುವ ಪ್ರಶ್ನೆಯು ಎಂಟು ವರ್ಷದ ಮಗುವಿಗೆ ಏಕೆ ಸಲ್ಲಬಾರದು?

ಇಲ್ಲಿ ಬಲ್ಲವರು ಒಂದು ಆಕ್ಷೇಪವನ್ನು ಎತ್ತಬಹುದು. ಪ್ರಭುದೇವರು ಇದೇ ಸಿದ್ಧರಾಮಯ್ಯನವರನ್ನು ಸೊನ್ನಲಿಗೆಯಲ್ಲಿ ಕಂಡಾಗ ಆಡಿದ ಮಾತು ಮೃದುವಾಗಿತ್ತೆ? ಒಡ್ಡನೆಂದು ಕರೆದರು, ಕೆರೆಯ ಕೆಲಸದವರು ಕೆರಳಿ ಕಲ್ಲು ಬೀರಿದರೆಂದು ಕಥೆಯಿದೆ. ಹಾಗಾದರೆ ಕಠಿನೋಕ್ತಿಯೂ ಉಪದೇಶದ ಒಂದು ಮಾರ್ಗವಲ್ಲವೆ?

ಆಕ್ಷೇಪವು ಗಟ್ಟಿಯಾದುದೇ. ಆದರೆ ಆ ಏಟು ಯಾರ ಮೇಲೆ ಬಿದ್ದಿತೆಂಬುದನ್ನು ನೋಡಬೇಕು. ನೂರಾರು ಜನ ತನ್ನ ಮಾತಿನಂತೆ ನಡೆಯುತ್ತಿರುವಾಗ, ಮಾಡಿದ್ದೇ ಸಾಧನೆಯೆಂದು ನಿಂತಿದ್ದ ಒಬ್ಬ ಸಮರ್ಥರ ಮೇಲೆ ಬಿದ್ದಿತು. ಕೈಮುಗಿದು ಕೇಳಿದವರ ಮೇಲೆ ಬೀಳಲಿಲ್ಲ. ಅದೇ ಪ್ರಭುದೇವರು ತೋಟಿಗನಾದ ಗೊಗ್ಗಯ್ಯನ ಬಳಿಗೆ ಬಂದಾಗ ಯಾವ ಭಾಷೆಯನ್ನಾಡಿದರು? ಚಾಮರಸನ ಪ್ರಭುಲಿಂಗಲೀಲೆಯನ್ನು ಪುರಾಣದಲ್ಲಿ ಕೇಳಿದವರಿಗೆಲ್ಲ ಆ ಪ್ರಸಂಗವು ನೆನಪಿರುವುದು. ಗೊಗ್ಗಯ್ಯನ ಕೈಯಲ್ಲಿ ಗುದ್ದಲಿಯಿತ್ತು. ಪ್ರಭುಗಳು ಆ ಗುದ್ದಲಿಯನ್ನೇ, ಆ ತೋಟವನ್ನೇ, ಅಗೆತ ಬಿತ್ತನೆಗಳನ್ನೇ ಹಿಡಿದು ತತ್ತ್ವವನ್ನು ಹೇಳಿದರು. ತೋಟದವನನ್ನು ತೋಟದಿಂದ ಹೊರಗೆ ಕರೆಯಲಿಲ್ಲ. ತಾವೇ ತೋಟದೊಳಕ್ಕೆ ಇಳಿದರು. ನಾನಾದರೋ ರೈತರೊಬ್ಬರು ಜಾಗವೆಂಬ ಮಾತನ್ನು ಕೈಗಿತ್ತರೂ ಅದನ್ನು ಹಿಡಿಯದೆ, ಅದನ್ನೇ ಹಾಸ್ಯಕ್ಕೆ ತಿರುಗಿಸಿದೆ. ಪ್ರಭುದೇವರ ಕಾಠಿನ್ಯವನ್ನು ನೆಪವಾಗಿಟ್ಟುಕೊಂಡು ನಾವು ಆಡುವ ಒರಟು ಮಾತುಗಳಲ್ಲಿ ಕಾಠಿನ್ಯವೇನೋ ಪೂರ್ಣವಾಗಿ ಇರುತ್ತದೆ, ಪ್ರಭುದೇವರು ಮಾತ್ರ ಇರುವುದಿಲ್ಲ.

ಬೆಡಗಿನ ವಚನಗಳಿಗೆ ಟೀಕೆ ಬರೆದ ವಿರಕ್ತರನ್ನೂ ಇಲ್ಲಿ ನೆನೆಯಬೇಕು. ಪ್ರಭುಗಳ ಒಗಟಿನಂಥ ಮಾತುಗಳನ್ನು ಪದಪದವಾಗಿ ಬಿಡಿಸಿ, ಇದು ಮನಸ್ಸು, ಇದು ದೇಹ, ಇದು ಮಾಯೆ ಎಂದು ತಾಳೆಗರಿಯ ಮೇಲೆ ಕೊರೆದಿಟ್ಟವರು ಅವರು. ಯಾರೋ ಒಬ್ಬನು ಇದರ ಅರ್ಥವೇನೆಂದು ಕೇಳಿರದಿದ್ದರೆ ಆ ಶ್ರಮದ ಅಗತ್ಯವೇ ಬೀಳುತ್ತಿರಲಿಲ್ಲ. ಕೇಳಿದವನ ಹೆಸರು ಉಳಿದಿಲ್ಲ. ಅವನಿಗಾಗಿ ಬರೆದ ಟೀಕೆಯಿಂದ ನಾವು ಇಂದಿಗೂ ಪಂಡಿತರಾಗುತ್ತಿದ್ದೇವೆ.

ಗೃಹಸ್ಥರಾದ ನಾವು ಮಾಡಬೇಕಾದುದು ಬಹಳವೇನೂ ಇಲ್ಲ. ಒಂದು ಪಾರಿಭಾಷಿಕ ಪದದ ಅರ್ಥವನ್ನು ಕೇಳಿದವನಿಗೆ ಇನ್ನೊಂದು ಪಾರಿಭಾಷಿಕ ಪದವನ್ನು ಕೊಡುವುದು ಬಾಯಾರಿದವನಿಗೆ ಉಪ್ಪು ಕೊಟ್ಟಂತೆ. ಗೊತ್ತಿಲ್ಲದುದನ್ನು ಗೊತ್ತಿಲ್ಲವೆಂದು ಹೇಳಿದರೆ ಪೀಠವೇನೂ ಅಲುಗದು. ಇನ್ನೊಂದು ಸಂಗತಿ: ನಮ್ಮ ಗೋಷ್ಠಿಗಳಲ್ಲಿ ತಾಯಂದಿರು ಸಾಮಾನ್ಯವಾಗಿ ಪ್ರಶ್ನೆ ಕೇಳುವುದಿಲ್ಲ, ಮಗುವಿನ ಕಿವಿಯಲ್ಲಿ ಹೇಳಿ ಕಳುಹಿಸುತ್ತಾರೆ. ಆ ಮಗು ಅರ್ಧ ಮರೆತು, ಅರ್ಧ ತಪ್ಪಾಗಿ ಒಪ್ಪಿಸುತ್ತದೆ. ಸಭೆ ನಗುತ್ತದೆ. ಮಗುವಿಗೆ ನಗೆ ತಾಗುವುದಿಲ್ಲ. ಹಿಂದೆ ಸೆರಗು ಹೊದ್ದು ಕುಳಿತವರಿಗೆ ತಾಗುತ್ತದೆ. ಕಲ್ಯಾಣದಲ್ಲಿ ಆಯ್ದಕ್ಕಿ ಲಕ್ಕಮ್ಮನವರು ಹೆಚ್ಚಿಗೆ ತಂದ ಅಕ್ಕಿಯನ್ನು ಹಿಂದಕ್ಕೆ ಸುರಿದು ಬರುವಂತೆ ಪತಿಗೇ ತಿಳಿಹೇಳಿದರೆಂದು ವೇದಿಕೆಯ ಮೇಲೆ ಕೊಂಡಾಡುವ ನಾವು ಹಿಂದಿನ ಸಾಲಿನ ಆ ಮಾತಿಗೆ ಸ್ವಲ್ಪ ತಡೆದು ನಿಲ್ಲಬಹುದು. ಮನೆಗೆ ಬಂದವರನ್ನು ಕ್ಷೇಮ ವಿಚಾರಿಸಿ ಕುಳ್ಳಿರಿಸಿದರೆ ಸಿರಿಯೇನೂ ಕುಂದದೆಂಬ ಅರ್ಥದ ಬಸವಣ್ಣನವರ ವಚನವನ್ನು ಎಲ್ಲರೂ ಬಲ್ಲೆವು. ಪ್ರಶ್ನೆಯೂ ಮನೆಗೆ ಬಂದ ಅತಿಥಿಯೇ.

ಬಿಳಿಜೋಳದ ಸುಗ್ಗಿಯ ಹೊತ್ತಿಗೆ ಆ ಹಳ್ಳಿಗೆ ಮತ್ತೆ ಹೋಗಿ, ವಿಚಾರಿಸಿಕೊಂಡು, ಆ ವೃದ್ಧರ ಕಣದ ಬಳಿಗೆ ನಡೆದೆ. ಅವರು ನನ್ನನ್ನು ಗುರುತಿಸಿ ಕಂಬಳಿ ಹಾಸಿದರು. ಅಂದು ನೀವು ಕೇಳಿದ್ದಕ್ಕೆ ಇಂದು ಉತ್ತರ ತಂದಿದ್ದೇನೆಂದು ಹೇಳಿ, ಎಲ್ಲವೂ ನಿಂತಿರುವ ಮತ್ತು ಎಲ್ಲವೂ ಅಡಗುವ ಆ ಒಂದು ಜಾಗದ ವಿಷಯವನ್ನು ನನಗೆ ತಿಳಿದಂತೆ ಅರುಹಿದೆ. ಅವರು ಬಹಳ ಹೊತ್ತು ಕಣದ ನೆಲವನ್ನೇ ನೋಡುತ್ತಿದ್ದು, “ಬಿತ್ತಿದ್ದೂ ಅದ ನೆಲದಾಗ, ಕೊಳತು ಮಣ್ಣಾಗೋದೂ ಅದ ನೆಲದಾಗ” ಎಂದರು. ಆಮೇಲೆ ಕೇಳಿದರು: “ಹಂಗಾದ್ರ ಅಪ್ಪಾರ, ಐಕ್ಯ ಅಂದ್ರ ಆ ಜಾಗಾಕ್ಕ ಹೋಗೂದೋ, ಆ ಜಾಗಾನ ಆಗೂದೋ?”

ನಾನು ನಗಲಿಲ್ಲ. ಉತ್ತರವನ್ನೂ ಕೊಡಲಿಲ್ಲ. ಬರುವ ಶ್ರಾವಣದ ಮೊದಲ ಸೋಮವಾರ ಎಲ್ಲರ ಮುಂದೆ ಇದನ್ನೇ ಕೇಳಬೇಕೆಂದು ಬೇಡಿಕೊಂಡೆ.

“ನೀವು ಇರ್ತೀರಲ್ರೀ?” ಎಂದು ಕೇಳಿ, ಅವರು ಮೊರವನ್ನು ಕೈಗೆತ್ತಿಕೊಂಡರು.